ಒಂಬತ್ತು ಗಂಟೆ ಐದು ನಿಮಿಷದ ಬೋಟು

ನಾನು ಪುಕ್ಕಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನೀವೇ ಕಂಡುಹಿಡಿದು ನಗುವುದಕ್ಕಿಂತ ಅದು ಮರ್ಯಾದೆ. ಆದರೆ ಪುಕ್ಕಲುತನಕ್ಕೆ ತಿಂಗಳ ಸಂಬಳ ಕೊಡುವ ಕಚೇರಿಗಳೂ ಈ ಮುಂಬಯಿಯಲ್ಲಿವೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಫೋರ್ಟಿನ ಅಂಥದೊಂದು ಕಚೇರಿಯಲ್ಲಿ ನಾನು ಹದಿಮೂರು ವರ್ಷ ಗುಮಾಸ್ತನಾಗಿದ್ದೆ. ಹಡಗು, ದೋಣಿ, ಲಾಂಚುಗಳ ವಿಮೆ ನಮ್ಮ ಕಸುಬು. ಮುಳುಗಿದ್ದು, ತೂತು ಬಿದ್ದದ್ದು, ಬೆಂಕಿ ಹತ್ತಿದ್ದು, ಒಂದಕ್ಕೊಂದು ಢಿಕ್ಕಿ ಹೊಡೆದದ್ದು, ಎಲ್ಲದರ ಫೈಲೂ ನನ್ನ ಮೇಜನ್ನು ಹಾದೇ ಹೋಗಬೇಕು. ಯಾರ ತಪ್ಪಿನಿಂದ ಹೀಗಾಯಿತೆಂದು ಪತ್ತೆಹಚ್ಚಿ ಟಿಪ್ಪಣಿ ಬರೆದು ಸಾಹೇಬರಿಗೆ ಕಳಿಸುವುದು ನನ್ನ ಕೆಲಸ. ನೀರಿಲ್ಲದ ಕಡೆ ನುಗ್ಗಿ ನೆಲ ಹಿಡಿದು ಕೂತ ಹಡಗಿನ ಫೈಲು ಬಂದರಂತೂ ನನ್ನ ಲೇಖನಿಗೆ ಎಲ್ಲಿಲ್ಲದ ಹುರುಪು. 'ಉಬ್ಬರವಿಳಿತದ ಪಟ್ಟಿಯನ್ನು ನೋಡದೆ ಹೊರಟ ನಾವಿಕನ ಬಗ್ಗೆ ಕನಿಕರ ತೋರಿಸಲು ಯಾವ ಕಾರಣವೂ ಕಾಣುವುದಿಲ್ಲ' ಎಂಬ ವಾಕ್ಯವನ್ನು ನಾನು ಎಷ್ಟು ಸಲ ಬರೆದಿದ್ದೇನೋ ನನಗೇ ನೆನಪಿಲ್ಲ. ಆ ಪಟ್ಟಿಯ ಪುಸ್ತಕ ವರ್ಷಕ್ಕೊಂದು ನಮ್ಮ ಕಚೇರಿಗೆ ಬರುತ್ತಿತ್ತು. ನನ್ನ ಮೇಜಿನ ಒಂದು ಕಾಲು ಗಿಡ್ಡ. ಪುಸ್ತಕ ಅದರ ಕೆಳಗೆ ಸರಿಯಾಗಿ ಕೂರುತ್ತಿತ್ತು.

ಹೀಗೆ ಸಮುದ್ರದ ಮೇಲಾಗುವ ಸಕಲ ಅನಾಹುತಗಳೂ ಬಾಯಿಪಾಠವಾಗಿದ್ದ ನಾನು ಸಮುದ್ರದ ಮೇಲೆ ಮಾತ್ರ ಒಂದು ದಿನವೂ ಹೋದವನಲ್ಲ. ನನ್ನ ಊರು ಗದಗಿನ ಕಡೆ. ಚಿಕ್ಕಂದಿನಲ್ಲಿ ನಾನು ಕಂಡ ಅತಿ ದೊಡ್ಡ ನೀರೆಂದರೆ ಊರ ಹೊರಗಿನ ಕೆರೆ, ಅದೂ ಸಂಕ್ರಾಂತಿಯವರೆಗೆ. ಮುಂಬಯಿಗೆ ಬಂದ ಮೇಲೆ ಚೌಪಾಟಿಯ ಮರಳಲ್ಲಿ ಕೂತು ಕಡಲೆ ತಿಂದದ್ದುಂಟು. ಅಲೆ ಬಂದಾಗ ಚಪ್ಪಲಿ ಎತ್ತಿಕೊಂಡು ಹಿಂದೆ ಸರಿದದ್ದೂ ಉಂಟು. ಆದರೂ ಮಾಟುಂಗದ ನಮ್ಮ ಕನ್ನಡ ಸಂಘದಲ್ಲಿ ಯಾರಾದರೂ ಗೋವಾದ ಸ್ಟೀಮರು ಹತ್ತುವ ಮುಂಚೆ ನನ್ನನ್ನು ಕೇಳುತ್ತಿದ್ದರು. ನಾನು ಕಣ್ಣು ಅರೆಮುಚ್ಚಿ, ಆಕಾಶ ನೋಡಿ, 'ಹೋಗಬಹುದು' ಅನ್ನುತ್ತಿದ್ದೆ. ಎಲ್ಲರೂ ಸುರಕ್ಷಿತವಾಗಿ ಹೋಗಿ ಬರುತ್ತಿದ್ದರಿಂದ ನನ್ನ ಹೆಸರು ಬೆಳೆಯುತ್ತ ಹೋಯಿತು.

ಈಗ ಸುಮತಿಯ ವಿಷಯಕ್ಕೆ ಬರುತ್ತೇನೆ. ಸುಮತಿ ನನ್ನ ಹೆಂಡತಿ ಕಮಲಾಳ ತಂಗಿ. ತಂದೆ ತಾಯಿ ಇಬ್ಬರೂ ತೀರಿಕೊಂಡ ಮೇಲೆ ಮಾಟುಂಗದ ನಮ್ಮ ಒಂದು ಕೋಣೆ, ಒಂದು ಅಡಿಗೆಮನೆಯ ಬಿಡಾರದಲ್ಲೇ ಇದ್ದಳು. ಬಲ್ಲಾರ್ಡ್ ಎಸ್ಟೇಟಿನ ಒಂದು ಕಚೇರಿಯಲ್ಲಿ ಟೈಪಿಸ್ಟು. ಮಾತು ಕಡಿಮೆ. ಅವಳ ಮದುವೆ ಮಾಡುವುದು ತಂದೆಯ ಸ್ಥಾನದಲ್ಲಿದ್ದ ನನ್ನ ಹೊಣೆ. ಆ ಹೊಣೆಯನ್ನು ನಾನು ಒಂದು ಸಲ ಆಗಲೇ ಹಾಳು ಮಾಡಿದ್ದೆ. ಅಂಧೇರಿಯ ಒಂದು ಒಳ್ಳೆಯ ಮನೆತನದವರು ಹುಡುಗಿಯನ್ನು ಕರೆದುಕೊಂಡು ಬನ್ನಿ ಎಂದಿದ್ದರು. ದಾದರಿನಲ್ಲಿ ನಿಂತು ನೋಡುತ್ತೇನೆ, ಬಂದ ಲೋಕಲ್ಲುಗಳಲ್ಲೆಲ್ಲ ಜನ ಬಾಗಿಲಿಗೆ ಜೋತುಬಿದ್ದಿದ್ದಾರೆ. ಇದು ಅಪಾಯ, ಮುಂದಿನದು ಖಾಲಿ ಬರುತ್ತದೆ ಎಂದು ಒಂದಾದ ಮೇಲೊಂದು ಹನ್ನೊಂದು ಗಾಡಿ ಬಿಟ್ಟೆ. ನಾವು ತಲುಪುವ ಹೊತ್ತಿಗೆ ಗಂಡಿನವರು ಕಾದು ಬೇಸತ್ತು ಬೇರೊಂದು ಹುಡುಗಿಯನ್ನು ನೋಡಲು ಹೋಗಿದ್ದರು. ಅಲ್ಲೇ ನಿಶ್ಚಯವೂ ಆಯಿತು. ಆ ಸಂಜೆ ಸುಮತಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಕಣ್ಣು ಮುಚ್ಚಿ ಕೂತಳು. ಒಂದು ವರ್ಷ ಆ ದೀಪ ನನ್ನ ಕಣ್ಣ ಮುಂದಿಂದ ಹೋಗಲಿಲ್ಲ.

ಹಾಗಾಗಿ ಸಂಘದ ಮೂಲಕ ಪ್ರಭಾಕರನ ಜಾತಕ ಬಂದಾಗ ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹೊನ್ನಾವರದ ಕಡೆಯ ಮನೆತನ. ಹುಡುಗನಿಗೆ ಬಂದರಿನ ಆಚೆ ದಡದ ಉರಣದಲ್ಲಿ ಉಪ್ಪಿನ ಆಗರದ ಕಚೇರಿಯಲ್ಲಿ ಕೆಲಸ. ಒಂದು ಭಾನುವಾರ ಬಂದು ಹುಡುಗಿಯನ್ನು ನೋಡಿ, ಉಪ್ಪಿಟ್ಟು ತಿಂದು, ತಲೆ ಬಗ್ಗಿಸಿಕೊಂಡು 'ಆಗಬಹುದು' ಎಂದ. ಸುಮತಿಯೂ ತಲೆ ಬಗ್ಗಿಸಿಕೊಂಡೇ 'ಆಗಬಹುದು' ಎಂದಳು. ಇಷ್ಟು ಸಲೀಸಾಗಿ ಜೋಡಿ ಕೂಡಿಸಿದ ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಒಂದೇ ತೊಡಕು. ನಿಶ್ಚಿತಾರ್ಥ ಹೆಣ್ಣಿನ ಮನೆಯಲ್ಲಾಗುವುದು ಪದ್ಧತಿ. ಆದರೆ ಉರಣದಲ್ಲಿ ಹುಡುಗನ ಜೊತೆಗಿದ್ದ ಅಜ್ಜಿ ಹಾಸಿಗೆ ಹಿಡಿದಿದ್ದರು. ತಾಂಬೂಲ ತಮ್ಮ ಕಣ್ಣೆದುರೇ ಬದಲಾಗಬೇಕು ಎಂಬುದು ಅವರ ಆಸೆ. ಚಂಪಾ ಷಷ್ಠಿ, ಸೋಮವಾರ, ಹನ್ನೊಂದೂಕಾಲಕ್ಕೆ ಮುಹೂರ್ತ. ಅದು ತಪ್ಪಿದರೆ ಹಿಂದೆಯೇ ಧನುರ್ಮಾಸ, ಸಂಕ್ರಾಂತಿಯವರೆಗೆ ಏನೂ ಮಾಡುವ ಹಾಗಿಲ್ಲ. ಅಜ್ಜಿ ಅಲ್ಲಿಯವರೆಗೆ ಇರುತ್ತಾರೋ ಇಲ್ಲವೋ.

"ಈ ಸಲ ತಪ್ಪಿದ್ರ ನನ್ನ ತಂಗಿ ಮಾರಿ ನಾ ಹೆಂಗ ನೋಡ್ಲಿ?" ಎಂದಳು ಕಮಲಾ. "ದೂಸರಾ ಮಾತಿಲ್ಲ, ಲಾಂಚಿನ್ಯಾಗ ಹೋಗೂಣು. ಭಾವುಚಾ ಧಕ್ಕಾದಿಂದ ದಿನಾ ಸಾವಿರ ಮಂದಿ ಹೋಗ್ತಾರ."

ಆ ಸಾವಿರ ಮಂದಿಯ ಮಾತೇ ನನ್ನನ್ನು ಕೆಡಿಸಿದ್ದು. ಮಿತಿಮೀರಿ ಜನ ತುಂಬಿದ ಲಾಂಚುಗಳ ಎಷ್ಟು ಫೈಲು ನೋಡಿದವನು ನಾನು! ಮೀನಿನ ಬುಟ್ಟಿ, ಕೋಳಿ, ಸೈಕಲ್ಲು, ಅವುಗಳ ನಡುವೆ ರೇಷ್ಮೆ ಸೀರೆ ಉಟ್ಟ ಮದುಮಗಳು. ಸಾಧ್ಯವಿಲ್ಲ ಎಂದೆ. ನಮ್ಮದು ನಾಲ್ಕೇ ಜನ: ನಾನು, ಕಮಲಾ, ಸುಮತಿ, ಮಲಾಡಿನಲ್ಲಿದ್ದ ಅಕ್ಕತಂಗಿಯರ ಚಿಕ್ಕಪ್ಪ ಗುಂಡೂ ಕಾಕಾ. ನಮಗೇ ಅಂತ ಒಂದು ಸಣ್ಣ ಮೋಟಾರು ಬೋಟು ಗೊತ್ತು ಮಾಡುವುದು. ಅದರ ಪ್ರತಿಯೊಂದು ಮೊಳೆಯನ್ನೂ ನಾನೇ ಪರೀಕ್ಷಿಸುವುದು. ಸಮುದ್ರವನ್ನು ಶಾಸ್ತ್ರೋಕ್ತವಾಗಿ ದಾಟುವುದು ಹೇಗೆಂದು ಈ ಊರಿಗೆ ತೋರಿಸಿಕೊಡುವುದು.

ಮರುದಿನವೇ ಕಚೇರಿ ಬಿಟ್ಟ ಮೇಲೆ ಧಕ್ಕೆಗೆ ಹೋದೆ. ಅಲ್ಲಿ ದಸ್ತಗೀರ್ ಸಾಬರು ಸಿಕ್ಕಿದ್ದು ನನ್ನ ಪುಣ್ಯ. ಹುಬ್ಬಳ್ಳಿಯವರು, ಕನ್ನಡ ಬಲ್ಲವರು. ಮೊದಲು ಬಂದರಿನಲ್ಲಿ ಎಂಜಿನ್ ರಿಪೇರಿ ಮಾಡುತ್ತಿದ್ದವರು ಆಮೇಲೆ ಸ್ವಂತ ಬೋಟು ಮಾಡಿಕೊಂಡಿದ್ದರು. ನಾನು ಬೋಟಿನ ತಳ ತಟ್ಟಿ ನೋಡಿದೆ, ಹಗ್ಗ ಜಗ್ಗಿ ನೋಡಿದೆ, ಎಂಜಿನ್ನಿಗೆ ಮೂಗು ಹಚ್ಚಿ ವಾಸನೆ ನೋಡಿದೆ. ಸಾಬರು ಬೀಡಿ ಸೇದುತ್ತ ತಾಳ್ಮೆಯಿಂದ ನಿಂತಿದ್ದರು.

"ಸೋಮವಾರ ಅಂದ್ರ ಚಾಂದಿನ ಆರನೇದು ಆಗ್ತೈತಿ," ಎಂದು ಬೆರಳು ಮಡಚಿದರು. "ಏಳೂವರಿಗೆ ಬಿಡೂಣ್ರಿ ಸಾಹೇಬ್ರ. ಒಂಬತ್ತರ ಮ್ಯಾಲೆ ಉರಣದ ಕಡೆ ಮೋರಾದ ಧಕ್ಕ್ಯಾಗ ನೀರು ಇರಂಗಿಲ್ರಿ."

ನನಗೆ ನಗು ಬಂತು. "ನೀರು ಇರಂಗಿಲ್ಲ ಅಂದ್ರ? ಸಮುದ್ರ ಅಂದ್ರ ಮುನಸಿಪಾಲ್ಟಿ ನಳ ಏನ್ರೀ, ಒಂಬತ್ತಕ್ಕ ಬಂದ್ ಆಗಲಿಕ್ಕೆ?"

ಸಾಬರು ನನ್ನನ್ನು ಒಂದು ಗಳಿಗೆ ನೋಡಿದರು. "ನೀವು ಹಡಗದ ಆಫೀಸಿನವ್ರು. ನಿಮಗ ಗೊತ್ತಿರ್ತೈತಿ," ಎಂದು ಬೀಡಿ ಎಸೆದರು. ಅವರಿಗೆ ಇನ್ನೊಂದು ಬಾಡಿಗೆ ಇರಬೇಕು, ಅದಕ್ಕೇ ಈ ಅವಸರ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದೆ.

ಮನೆಗೆ ಬಂದು ಪಂಚಾಂಗ ತೆಗೆದು ನೋಡಿದೆ. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು. ಆ ಮನುಷ್ಯ ಹೇಳಿದ್ದು ರಾಹುಕಾಲದ ಬಾಗಿಲು ತೆರೆಯುವ ಗಳಿಗೆಯನ್ನೇ! ಗುಂಡೂ ಕಾಕಾನಿಗೆ ಹೇಳಿದಾಗ ಅವನು ಕಿವಿ ಮುಚ್ಚಿಕೊಂಡ. ಅದಕ್ಕಿಂತ ಮುಂಚೆ ಹೊರಡೋಣವೆಂದರೆ ಮಲಾಡಿನಲ್ಲಿ ಅವನ ದೇವರಪೂಜೆ ಮುಗಿಯುವುದೇ ಏಳಕ್ಕೆ. ಹಬ್ಬದ ದಿನ ಬೇರೆಯವರ ಮನೆಯಲ್ಲಿ ಉಳಿದು ಪೂಜೆ ತಪ್ಪಿಸುವವನಲ್ಲ ಅವನು. ನಾನು ಪಂಚಾಂಗ ಮುಚ್ಚಿ ಒಂಬತ್ತು ಗಂಟೆ ಐದು ನಿಮಿಷ ಎಂದು ನಿಗದಿ ಮಾಡಿದೆ. ಆ ಐದು ನಿಮಿಷ ರಾಹು ಹಿಂದೆಮುಂದೆ ನೋಡಿದರೆ ಇರಲಿ ಎಂದು.

ಅಡಿಗೆಮನೆಯಿಂದ ಸುಮತಿ ಮೆಲ್ಲಗೆ ಕೇಳಿದಳು: "ಭಾವ, ಏಳೂವರಿಗೇ ಹೊರಟ್ರ ಆಗೂದಿಲ್ಲೇನು? ಆ ಬೋಟಿನವರು ಹೇಳಿದ್ದರಾಗ ಏನರ ಇರಬೇಕು."

"ನೀ ಎಂದಾದ್ರೂ ಬೋಟಿನ್ಯಾಗ ಕೂತೀಯೇನು?" ಎಂದೆ ನಾನು.

ಅವಳ ಮುಖ ಕೆಂಪಾಯಿತು. ಚಪಾತಿ ಲಟ್ಟಿಸುವುದಕ್ಕೆ ತಿರುಗಿದಳು. ಕಮಲಾ ಯಾಕೋ ಕೆಮ್ಮಿದಳು. ಮದುಮಗಳ ನಾಚಿಕೆ ಎಂದುಕೊಂಡು ನಾನು ಪ್ರಯಾಣಕ್ಕೆಂದು ಮಾಡುತ್ತಿದ್ದ ಏರ್ಪಾಟಿನ ಪಟ್ಟಿಯ ಕಡೆಗೆ ಗಮನ ಕೊಟ್ಟೆ.

ಪಟ್ಟಿ ಎಂದರೆ ಅಂತಿಂಥ ಪಟ್ಟಿಯಲ್ಲ, ಟ್ಯಾಗು ಹಾಕಿದ ಫೈಲು. ಸಣ್ಣ ಬೋಟಿನಲ್ಲಿ ಭಾರ ಸಮನಾಗಿ ಹಂಚಬೇಕು ಎಂಬುದು ನನಗೆ ಗೊತ್ತಿದ್ದ ಸಂಗತಿ. ಆದ್ದರಿಂದ ಒಂದು ಭಾನುವಾರ ಎಲ್ಲರನ್ನೂ ಮಾಟುಂಗ ಸ್ಟೇಷನ್ನಿಗೆ ಕರೆದೊಯ್ದು ಪ್ಲಾಟ್‌ಫಾರ್ಮಿನ ತೂಕದ ಯಂತ್ರದ ಮೇಲೆ ಹತ್ತಿಸಿದೆ. ಕಾಕಾ ಹತ್ತಿದಾಗ ಯಂತ್ರದ ಬಣ್ಣದ ದೀಪಗಳೆಲ್ಲ ಒಮ್ಮೆ ಆರಿ ಹತ್ತಿದವು. ಚೀಟಿಯಲ್ಲಿ ತೊಂಬತ್ತೆರಡು ಕಿಲೋ ಎಂದಿತ್ತು. ಹಿಂಬದಿಯ ಭವಿಷ್ಯದಲ್ಲಿ 'ನಿಮ್ಮ ವ್ಯಕ್ತಿತ್ವಕ್ಕೆ ತೂಕವಿದೆ' ಎಂಬ ಅರ್ಥದ ಇಂಗ್ಲಿಷ್ ವಾಕ್ಯ. ಕಮಲಾ ಮಾತ್ರ ಹತ್ತಲು ಒಪ್ಪಲಿಲ್ಲ. "ನನ್ನ ತೂಕ ನಿಮ್ಮ ಫೈಲಿನ್ಯಾಗ ಹೋಗೂದು ಬ್ಯಾಡ," ಎಂದು ನಾಲ್ಕು ಜನ ತಿರುಗಿ ನೋಡುವ ಹಾಗೆ ಹೇಳಿದಳು. ಆಮೇಲೆ ನಮ್ಮ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಿಂದ ಬೋಟಿನ ಅಳತೆ ಬರೆದೆ. ಬೋಟು ಹದಿನೆಂಟು ಅಡಿ, ಕೋಣೆ ಹನ್ನೆರಡಡಿ. ಬೋಟಿನ ಮೂತಿ ಅಡಿಗೆಮನೆಯಲ್ಲಿ ಸ್ಟೋವಿನವರೆಗೆ ಹೋಯಿತು. ಅಲ್ಲಿ ಸುಮತಿಯನ್ನು ಕೂರಿಸಿ, ನಡುವೆ ಕಾಕಾನನ್ನು ಕೂರಿಸಿ, 'ದಡ ಮುಟ್ಟುವವರೆಗೆ ಯಾರೂ ಏಳಕೂಡದು' ಎಂಬ ಮುಖ್ಯ ನಿಯಮವನ್ನು ಮೂರು ಸಲ ಹೇಳಿಸಿದೆ. ನಡುವೆ ಹಾಲು ಉಕ್ಕಿತು. ನಿಯಮದ ಪ್ರಕಾರ ಯಾರೂ ಏಳಲಿಲ್ಲ.

ಮುಳುಗಿದರೆ ತೇಲಲು ಸ್ಕೂಟರಿನ ಟ್ಯೂಬು ನಾಲ್ಕು ತಂದೆ. ಒಬ್ಬೊಬ್ಬರಿಗೆ ಒಂದೊಂದು, ಹೆಗಲಿಂದ ಸೊಂಟಕ್ಕೆ. ಕಾಕಾನಿಗೆ ಅದು ಹೆಗಲು ದಾಟಲಿಲ್ಲ, ಹಾರದ ಹಾಗೆ ಕೊರಳಲ್ಲಿ ಉಳಿಯಿತು. ತಾಂಬೂಲದ ಜೊತೆಗೆ ಕೊಡಲು ದಸರೆಗೆ ಊರಿಗೆ ಹೋದಾಗ ತಂದ ಧಾರವಾಡ ಪೇಡೆಯ ಎರಡು ಡಬ್ಬಿಗಳನ್ನು ತೆಗೆದಿಟ್ಟಿದ್ದೆ. ಎರಡರ ಮೇಲೂ 'ಮುಟ್ಟಬಾರದು' ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೆ. ತೆಗೆದು ನೋಡಿದರೆ ಒಂದೇ ಡಬ್ಬಿ! ಕಚೇರಿಯ ರೀತಿಯಲ್ಲೇ ವಿಚಾರಣೆ ನಡೆಸಿದೆ. ಸುಮತಿ ನನಗೆ ಗೊತ್ತಿಲ್ಲ ಎಂದಳು. ಕಮಲಾ ಮತ್ತೆ ಕೆಮ್ಮಿದಳು. ಕಾಕಾನ ತೂಕವನ್ನು ಈಗಷ್ಟೇ ಕಂಡಿದ್ದ ನಾನು ಹೆಚ್ಚು ಕೆದಕದೆ ಪ್ರಕರಣವನ್ನು ಅವನ ತಲೆಗೆ ಕಟ್ಟಿ ಮುಗಿಸಿದೆ.

ಸೋಮವಾರ ಬಂತು. ಗಡಿಯಾರ ನೋಡಿ ಸರಿಯಾಗಿ ಒಂಬತ್ತು ಗಂಟೆ ಐದು ನಿಮಿಷಕ್ಕೆ ಕೈ ಎತ್ತಿದೆ, ದಸ್ತಗೀರ್ ಸಾಬರು ಬೋಟು ಬಿಟ್ಟರು. ಗಾಳಿ ಇಲ್ಲ, ಅಲೆ ಇಲ್ಲ. ಇಳಕಲ್ ಸೀರೆಯ ಮೇಲೆ ಕಪ್ಪು ಟ್ಯೂಬು ಹಾಕಿಕೊಂಡು ಸುಮತಿ ಆಚೆ ದಡವನ್ನೇ ನೋಡುತ್ತ ಕೂತಿದ್ದಳು. ಕಾಕಾ ವಿಷ್ಣುಸಹಸ್ರನಾಮಕ್ಕೆ ತೊಡಗಿದ. ನಾನು ಒಂದು ಕೈಯಲ್ಲಿ ಫೈಲು, ಇನ್ನೊಂದು ಕೈಯಲ್ಲಿ ಬೋಟಿನ ಅಂಚು ಹಿಡಿದಿದ್ದೆ. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು, ಏನೂ ಆಗಲಿಲ್ಲ. ಎದುರಿಗೆ ಮೋರಾದ ಧಕ್ಕೆ ಕಾಣಿಸಿತು. ಅದರ ಮೇಲೆ ಬಿಳಿ ಪಂಚೆಯುಟ್ಟು ನಿಂತ ಜನ ಕಾಣಿಸಿದರು. ಗಂಟೆ ಹತ್ತು ದಾಟಿತ್ತು. 'ನೋಡಿದೆಯಾ?' ಎನ್ನುವ ಹಾಗೆ ಕಮಲಾಳ ಕಡೆ ನೋಡಿದೆ.

ಆಗ ಎಂಜಿನ್ ಸದ್ದು ನಿಂತಿತು. ಬೋಟು ಹಿತವಾಗಿ, ಯಾರೋ ಮೆತ್ತನೆಯ ಹಾಸಿಗೆಯ ಮೇಲೆ ಕೂತ ಹಾಗೆ, ಕೂತುಬಿಟ್ಟಿತು.

"ಯಾಕ ನಿಂತ್ರಿ?" ಎಂದೆ.

"ನಾ ನಿಂತಿಲ್ರಿ, ನೀರು ನಿಂತೈತಿ," ಎಂದರು ಸಾಬರು.

ಬಗ್ಗಿ ನೋಡಿದೆ. ಸಮುದ್ರ ಇರಲಿಲ್ಲ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಬೋಟಿನಿಂದ ಧಕ್ಕೆಯವರೆಗೆ ಇನ್ನೂರು ಹೆಜ್ಜೆ ದೂರ ಬರೀ ಕೆಸರು. ಕಪ್ಪಗೆ, ಮಿರಮಿರ ಮಿಂಚುತ್ತಿದ್ದ ಕೆಸರು. ಅದರ ಮೇಲೆ ಏಡಿಗಳು ಯಾವ ಆತಂಕವೂ ಇಲ್ಲದೆ ಓಡಾಡುತ್ತಿದ್ದವು. ಮುಳುಗುವುದಕ್ಕೆ ಎಷ್ಟು ಬಗೆಯಿದೆಯೋ ಅಷ್ಟಕ್ಕೂ ಸಿದ್ಧನಾಗಿ ಬಂದಿದ್ದೆ. ಮುಳುಗಲು ನೀರೇ ಇಲ್ಲದಿದ್ದರೆ ಏನು ಮಾಡಬೇಕೆಂದು ನನ್ನ ಫೈಲಿನಲ್ಲಿ ಒಂದು ಸಾಲೂ ಇರಲಿಲ್ಲ.

"ನೀರು ಮತ್ತ ಯಾವಾಗ ಬರ್ತದ?" ಎಂದು ಕೇಳಿದೆ.

"ಈಗ ಇನ್ನೂ ಅರ್ಧಾ ತಾಸು ಇಳಿತೈತ್ರಿ. ಆಮ್ಯಾಲೆ ಏರಾಕ ಹತ್ತತೈತಿ. ಒಂದು ಗಂಟೆಗೆ ಧಕ್ಕೆಗೆ ಹಚ್ಚತೀನಿ." ಸಾಬರು ಸಮಾಧಾನದಿಂದ ವಿವರಿಸಿದರು. "ಲೆಕ್ಕಾ ಭಾಳ ಸಸಾರ ಐತ್ರಿ. ಇವತ್ತು ಷಷ್ಠಿ ಹೌದಲ್ರಿ? ಆರರ ಮುಕ್ಕಾಲು ಪಾಲು ಮಾಡ್ರಿ, ನಾಲ್ಕೂವರಿ. ನಸುಕಿನ್ಯಾಗ ನಾಲ್ಕೂವರಿಗೆ ಭರತಿ, ನೀರು ಪೂರಾ ಏರಿರ್ತೈತಿ. ಅದಕ್ಕ ಆರು ತಾಸು ಕೂಡಸ್ರಿ, ಹತ್ತೂವರಿಗೆ ಪೂರಾ ಇಳಿತ. ಇಲ್ಲಿ ಮೀನು ಹಿಡಿಯೋ ಕೋಳಿ ಜಾತಿ ಮಂದಿ ತಿಥಿ ಎಣಸ್ತಾರ, ನಾ ಚಾಂದ್ ಎಣಸ್ತೀನಿ. ಎರಡೂ ಒಂದ. ನಿಮ್ಮ ಚೀಲದಾಗ ಪಂಚಾಂಗ ಐತಲ್ರಿ."

ಹೌದು, ಇತ್ತು. ತೆಗೆದೆ. ರಾಹುಕಾಲದ ಸಾಲಿನ ಕೆಳಗೆ ನಾನೇ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ. ಅದೇ ಪುಟದಲ್ಲಿ, ಒಂದು ಬೆರಳಿನಷ್ಟು ಮೇಲೆ, ಷಷ್ಠಿ ಎಂದು ಅಚ್ಚಾಗಿತ್ತು. ಒಂದು ತಿಂಗಳಿನಿಂದ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಚಂಪಾ ಷಷ್ಠಿ, ಚಂಪಾ ಷಷ್ಠಿ. ಸಮುದ್ರ ತನ್ನ ವೇಳಾಪಟ್ಟಿಯನ್ನು ಪ್ರತಿ ದಿನ ನನ್ನ ಗೋಡೆಯ ಮೇಲೆ ತೂಗುಹಾಕುತ್ತಿದ್ದರೂ ನಾನು ನೋಡಿರಲಿಲ್ಲ. 'ಕನಿಕರ ತೋರಿಸಲು ಯಾವ ಕಾರಣವೂ ಕಾಣುವುದಿಲ್ಲ' ಎಂದು ನನ್ನದೇ ಕೈಬರಹ ಕಣ್ಣ ಮುಂದೆ ಕುಣಿಯಿತು. ಅದಕ್ಕಿಂತ ಹೆಚ್ಚಾಗಿ ಆ ತುಪ್ಪದ ದೀಪ ಕಾಣಿಸಿತು. ಎರಡನೇ ಸಲ ಈ ಹುಡುಗಿಯ ಮದುವೆಗೆ ನಾನೇ ಅಡ್ಡ ಬಂದೆ. ನಾಚಿಕೆಯಿಂದ ಅಲ್ಲೇ ಕರಗಿಹೋದರೆ ಸಾಕು ಎನಿಸಿತು.

"ಹನ್ನೊಂದೂಕಾಲು," ಎಂದ ಕಾಕಾ ಕ್ಷೀಣವಾಗಿ. ಕಮಲಾ ನನ್ನ ಕಡೆ ನೋಡಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಗ ಸುಮತಿ ಎದ್ದು ನಿಂತಳು. "ಏಳಬ್ಯಾಡ! ನಿಯಮ!" ಎಂದು ಕೂಗಿದೆ. ಅವಳು ಟ್ಯೂಬನ್ನು ತೆಗೆದು ನನ್ನ ಮಡಿಲಲ್ಲಿಟ್ಟಳು. ಚಪ್ಪಲಿಯನ್ನು ಕೈಯಲ್ಲಿ ಹಿಡಿದಳು. ಇಳಕಲ್ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿದಳು. ಕೆಸರಿಗೆ ಇಳಿದೇ ಬಿಟ್ಟಳು. ನೇರವಾಗಿ ಧಕ್ಕೆಯ ಕಡೆ ಹೋಗಲಿಲ್ಲ, ಎಡಕ್ಕೆ ಹತ್ತು ಹೆಜ್ಜೆ ಹೋಗಿ ಗೂಟಗಳ ಒಂದು ಸಾಲು ಹಿಡಿದಳು. ಅಲ್ಲಿ ಅಡಿಯಲ್ಲಿ ಕಲ್ಲು ಹಾಕಿದ್ದರೆಂದು ಕಾಣುತ್ತದೆ, ಮೊಣಕಾಲಿಗಿಂತ ಮೇಲೆ ಹುಗಿಯಲಿಲ್ಲ. "ಅಕ್ಕಾ, ಈ ಗೂಟದ ಗುಂಟ ಬಾ," ಎಂದು ಕೂಗಿದಳು. ಆ ಹುಡುಗಿಯ ಧ್ವನಿ ಅಷ್ಟು ದೊಡ್ಡದೆಂದು ನನಗೆ ಅಂದೇ ಗೊತ್ತಾದದ್ದು. ಕಮಲಾ ಇಳಿದಳು. ಕಾಕಾ ಕೂಡ, "ಎರೀ ಹೊಲದಾಗ ಎತ್ತಿನ ಹಿಂದ ನಡದಾಂವ ನಾ," ಎನ್ನುತ್ತ, ಕೊರಳಲ್ಲಿ ಟ್ಯೂಬು ಹಾಗೇ ಇರಲು, ಪಚಕ್ ಪಚಕ್ ಎಂದು ನಡೆದುಹೋದ. ಅತ್ತಲಿಂದ ಪ್ಯಾಂಟು ಮಡಚಿಕೊಂಡು ಪ್ರಭಾಕರನೇ ಇಳಿದು ಬಂದ. ಮದುಮಗ, ಮದುಮಗಳು ಇಬ್ಬರೂ ಮೊಣಕಾಲು ಕೆಸರಿನಲ್ಲಿ ಎದುರುಬದುರು ನಿಂತು ನಗುತ್ತಿದ್ದರು. ನಿಶ್ಚಯಕ್ಕೆ ಮುಂಚೆ! ಧಕ್ಕೆಯ ಮೇಲೆ ಅಷ್ಟು ಜನ ನೋಡುತ್ತಿರುವಾಗ!

ಉಳಿದವನು ನಾನು. ತಾಂಬೂಲ ಕೊಡಬೇಕಾದವನೂ ನಾನೇ. ದೇವರನ್ನು ನೆನೆದು ಇಳಿದೆ. ಎಡಕ್ಕೆ ಹತ್ತು ಹೆಜ್ಜೆ ಎಂಬುದು ಗಾಬರಿಯಲ್ಲಿ ಮರೆತುಹೋಯಿತು. ಎರಡನೇ ಹೆಜ್ಜೆಗೆ ತೊಡೆಯವರೆಗೆ ಹೂತು, ಫೈಲನ್ನು ತಲೆಯ ಮೇಲೆ ಹಿಡಿದು ಗೂಟದ ಹಾಗೆ ನಿಂತೆ. ಪ್ರಭಾಕರ ಓಡಿ ಬಂದ. ಉಪ್ಪಿನ ಆಗರದಲ್ಲಿ ಕೆಸರು ತುಳಿದೇ ಬೆಳೆದವನಂತೆ ನನ್ನನ್ನು ಕಿತ್ತು, "ಭಾವ, ಕುತ್ತಿಗೆ ಗಟ್ಟಿ ಹಿಡ್ಕೊಳ್ಳಿ," ಎಂದು ಬೆನ್ನ ಮೇಲೆ ಹೊತ್ತುಕೊಂಡ. ಹೀಗೆ ಹೆಣ್ಣಿನ ಕಡೆಯ ಹಿರಿಯನಾದ ನಾನು ಗಂಡಿನ ಬೆನ್ನ ಮೇಲೆ ಸವಾರಿ ಮಾಡಿಕೊಂಡು ಬೀಗರ ಎದುರಿಗೆ ಹೋಗಿ ಇಳಿದೆ. ಟಾಂಗಾದಲ್ಲಿ ಮನೆಗೆ ಹೋದ ಮೇಲೆ ಬಾವಿಕಟ್ಟೆಯ ಹತ್ತಿರ ಅವನೇ ತಂಬಿಗೆಯಿಂದ ನೀರು ಹಾಕಿ ನನ್ನ ಕಾಲು ತೊಳೆದ. ಮದುವೆಯಲ್ಲಿ ವರನ ಕಾಲು ತೊಳೆಯುವವರು ನಾವು ಎಂದು ಓದಿದ್ದೆ, ಕಂಡಿದ್ದೆ. ಹೀಗೆ ಉಲ್ಟಾ ಆಗಿದ್ದನ್ನು ನಾನು ಎಲ್ಲೂ ಕೇಳಿಲ್ಲ. ಕಾಕಾ ಮುಖ ಆ ಕಡೆ ತಿರುಗಿಸಿಕೊಂಡ.

ಅಜ್ಜಿಯ ಮಂಚದ ಪಕ್ಕದಲ್ಲಿ ಹನ್ನೊಂದೂಕಾಲಕ್ಕೆ ತಾಂಬೂಲ ಬದಲಾಯಿತು. ಪ್ರಭಾಕರನ ಪಂಚೆ ಉಟ್ಟುಕೊಂಡು ನಾನೇ ತಟ್ಟೆ ಕೊಟ್ಟೆ. ಮನಸ್ಸು ಹಗುರಾಯಿತು. ಸುಮತಿ ನಮಸ್ಕಾರ ಮಾಡಿದಾಗ ಅಜ್ಜಿ ಅವಳ ತಲೆ ಸವರಿ, ಮಮತೆಯಿಂದ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಎಂತಕ್ಕೆ ಮಗಾ ಈ ಸಲ ಲಾಂಚಲ್ಲಿ ಬರ್ಲಿಲ್ಲ? ಹೋದ ಸಲ ಇಳಿತದಲ್ಲಿ ಬಂದು ಕಾಲೆಲ್ಲ ಕೆಸರು ಮಾಡ್ಕೊಂಡಿದ್ದೆ. ಮತ್ತೆ ಅದೇ ಹೊತ್ತಿಗೆ ಹೊರಟ್ಯಾ?"

ಅಜ್ಜಿ ದಿಂಬಿನ ಹತ್ತಿರ ಕೈಯಾಡಿಸಿ ಗುಳಿಗೆಗೆಂದು ಒಂದು ಡಬ್ಬಿ ತೆಗೆದರು. ಧಾರವಾಡ ಪೇಡೆಯ ಡಬ್ಬಿ. ಅದರ ಮುಚ್ಚಳದ ಮೇಲೆ ನನ್ನ ದಪ್ಪ ಅಕ್ಷರ: 'ಮುಟ್ಟಬಾರದು'.

ಹೇಳಲು ಹೆಚ್ಚೇನೂ ಉಳಿದಿಲ್ಲ. ಆಗರದ ಕಾಗದಪತ್ರ ಹಿಡಿದು ಪ್ರಭಾಕರ ಶನಿವಾರ ಶನಿವಾರ ಬಲ್ಲಾರ್ಡ್ ಎಸ್ಟೇಟಿಗೆ ಬರುತ್ತಿದ್ದನಂತೆ. ಟೈಪು ಮಾಡುತ್ತಿದ್ದವಳು ಸುಮತಿ. ಎರಡು ವರ್ಷದ ಪರಿಚಯ. ಅಜ್ಜಿಯನ್ನು ನೋಡಲೆಂದು ಮೂರು ಸಲ ಅವಳು ಲಾಂಚು ಹತ್ತಿ, ಮೀನಿನ ಬುಟ್ಟಿಗಳ ನಡುವೆ ಕೂತು, ಸಮುದ್ರ ದಾಟಿದ್ದಳು. ಸಂಘಕ್ಕೆ ಜಾತಕ ಕಳಿಸಿದ್ದೂ ಅವರಿಬ್ಬರ ಉಪಾಯವೇ. ಹದಿಮೂರು ವರ್ಷ ಪರರ ಸುಳ್ಳು ಪತ್ತೆಹಚ್ಚಿದ ನಾನು ನನ್ನ ಹನ್ನೆರಡಡಿ ಕೋಣೆಯಲ್ಲಿ ನಡೆದದ್ದನ್ನು ಕಾಣಲಿಲ್ಲ. ಸಂಜೆ ನಾಲ್ಕೂವರೆಯ ಭರತಿಯಲ್ಲಿ ಬೋಟು ಬಸ್ಸಿನ ಹಾಗೆ ಧಕ್ಕೆಗೇ ಬಂದು ನಿಂತಿತು. ಅದರಲ್ಲಿ ಕೂತು ಹಿಂದಿರುಗುವಾಗ ಕಮಲಾಳನ್ನು ಕೇಳಿದೆ: "ನಿನಗ ಗೊತ್ತಿತ್ತು?"

"ಗೊತ್ತಿತ್ತು."

"ಮತ್ತ ನೀರಿನ ವಿಷಯ ಯಾಕ ಹೇಳಲಿಲ್ಲ?"

"ಹೇಳಿದ್ರ ಹೆಂಗ ಗೊತ್ತು ಅಂತ ಕೇಳ್ತಿದ್ರಿ. ಆಮ್ಯಾಲೆ ಅದಕ್ಕೊಂದು ಫೈಲು ಮಾಡ್ತಿದ್ರಿ."

"ಹಂಗಾದ್ರ ಅಂಧೇರಿದು ತಪ್ಪಿದ ದಿನ ಆ ತುಪ್ಪದ ದೀಪ?"

ಕಮಲಾ ನಕ್ಕಳು. "ದೇವರಿಗೆ ಹರಕಿ ತೀರಿಸ್ಲಿಕ್ಕೆ. ಆ ಹನ್ನೊಂದು ಗಾಡಿ ಬಿಟ್ಟಿದ್ದಕ್ಕ ಆಕಿ ನಿಮಗ ಇನ್ನೂ ಕೈ ಮುಗೀತಾಳ."

ಒಂದು ವರ್ಷ ಪಟ್ಟ ನನ್ನ ಪಶ್ಚಾತ್ತಾಪವನ್ನೆಲ್ಲ ಯಾರಿಂದ ವಾಪಸು ಕೇಳಲಿ? ಮರುದಿನ ಕಚೇರಿಗೆ ಹೋದವನೇ ಮೇಜಿನ ಕಾಲಿನ ಕೆಳಗಿಂದ ಪುಸ್ತಕ ಎಳೆದು ತೆಗೆದೆ. ಆ ಸೋಮವಾರದ ಸಾಲಿನಲ್ಲಿ ದಸ್ತಗೀರ್ ಸಾಬರ ಲೆಕ್ಕಕ್ಕೂ ಅಚ್ಚಾದದ್ದಕ್ಕೂ ಹತ್ತು ನಿಮಿಷವೂ ವ್ಯತ್ಯಾಸವಿರಲಿಲ್ಲ. ಮೇಜು ಒಂದು ವಾರ ಅಲ್ಲಾಡಿತು. ಆಮೇಲೆ ಅಲ್ಲಿ ನನ್ನ ಫೈಲನ್ನೇ ಮಡಚಿ ಇಟ್ಟೆ.

ಮಾಘದಲ್ಲಿ, ಮಾಟುಂಗದ ಛತ್ರವೊಂದರಲ್ಲಿ, ದಶಮಿಯ ದಿನ ಮದುವೆಯಾಯಿತು. ಆ ದಿನದ ಯಾವ ಏರ್ಪಾಟನ್ನೂ ನನ್ನ ಕೈಗೆ ಕೊಟ್ಟಿರಲಿಲ್ಲ. ವರನ ಪಾದ ತೊಳೆಯುವುದೊಂದೇ ನನ್ನ ಪಾಲಿಗೆ ಬಿಟ್ಟಿದ್ದ ಕೆಲಸ. ಕಮಲಾ ನೀರು ಹಾಕಿದಳು, ನಾನು ತೊಳೆದೆ. ಪುರೋಹಿತರು ಮಂತ್ರ ಹೇಳುತ್ತಿದ್ದರು. ಪ್ರಭಾಕರ ಮೆಲ್ಲಗೆ ಬಾಗಿ ನನ್ನ ಕಿವಿಯಲ್ಲಿ ಕೇಳಿದ: "ಭಾವ, ಇವತ್ತು ಭರತಿ ಎಷ್ಟು ಗಂಟೆಗೆ?"

"ಏಳೂವರಿಗೆ!" ಎಂದು ನನಗೆ ಗೊತ್ತಿಲ್ಲದೆ ಗಟ್ಟಿಯಾಗಿ ಹೇಳಿಬಿಟ್ಟೆ.

ಮಂತ್ರ ನಿಂತಿತು. ಪುರೋಹಿತರು ಗಾಬರಿಯಿಂದ ಕೈಗಡಿಯಾರ ನೋಡಿಕೊಂಡು, "ಮುಹೂರ್ತ ಹತ್ತೂವರಿಗೆ ಅಲ್ಲೇನ್ರೀ?" ಎಂದರು. ತಂಬಿಗೆ ಹಿಡಿದ ಕಮಲಾ ನನ್ನ ಕಡೆ ನೋಡದೆಯೇ ಹೇಳಿದಳು: "ನೀವು ಮಂತ್ರಾ ಹೇಳ್ರಿ ಆಚಾರ್ರ. ಇವ್ರು ಹೇಳೋದು ಇವ್ರ ಬೋಟಿನ ವ್ಯಾಳ್ಯಾ."